ಮಳೆ ಕೈಕೊಟ್ಟರೆ ನಷ್ಟ ಯಾರ ತಲೆಗೆ? ಕೃಷಿ ಅರ್ಥಶಾಸ್ತ್ರಜ್ಞರು ಮಾಡುವ ಕೆಲಸ

ಪುಣೆಯ ಪಿಂಪಳೆ ಸೌದಾಗರ್‌ನಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರು ಬಹಳ. ಹಿಂಜವಡಿಯ ಕಂಪನಿಗಳು ಹತ್ತಿರ, ಬೆಳಗಾವಿಗೋ ಹುಬ್ಬಳ್ಳಿಗೋ ರಾತ್ರಿ ಬಸ್ಸು ಹಿಡಿಯುವುದೂ ಸಲೀಸು. ಹೊಲ ಅನ್ನುವುದು ಈಗ ಅಲ್ಲಿ ಹುಡುಕಿದರೂ ಸಿಗದು. ಆದರೆ ಭಾರತದ ಹಳ್ಳಿಗಳ ಅರ್ಥಶಾಸ್ತ್ರ ಓದಿದವರಿಗೆ ಈ ಊರು ಬೇರೆಯದೇ ಕಾರಣಕ್ಕೆ ಗೊತ್ತು. ಪುಣೆ ಕೃಷಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಹೆರಾಲ್ಡ್ ಮ್ಯಾನ್ ಎಂಬ ಇಂಗ್ಲಿಷರು ಈ ಹಳ್ಳಿಯ ಮನೆ ಮನೆಗೂ ಹೋಗಿ ಜಮೀನು, ಸಾಲ, ಆದಾಯ, ಖರ್ಚು ಎಲ್ಲವನ್ನೂ ಬರೆದುಕೊಂಡರು. ಆ ಅಧ್ಯಯನ 1917ರಲ್ಲಿ ಅಚ್ಚಾಯಿತು. ಅವರು ಓದಿದ್ದು ರಸಾಯನಶಾಸ್ತ್ರ. ಮಣ್ಣನ್ನು ಪರೀಕ್ಷಿಸುತ್ತ ಕೂತಿದ್ದವರಿಗೆ, ಮಣ್ಣು ಚೆನ್ನಾಗಿದ್ದರೂ ರೈತ ಯಾಕೆ ಸೋಲುತ್ತಾನೆ ಎಂಬ ಪ್ರಶ್ನೆ ಹತ್ತಿಕೊಂಡಿತ್ತು.

ಹಳೆಯ ದಾಖಲೆಗಳನ್ನು ಕೆದಕಿದಾಗ ಅವರಿಗೆ ಸಿಕ್ಕ ಲೆಕ್ಕ ಇದು: 1771ರಲ್ಲಿ ಆ ಊರಿನ ಸರಾಸರಿ ಹಿಡುವಳಿ 40 ಎಕರೆ, 1915ರ ಹೊತ್ತಿಗೆ 7 ಎಕರೆ. ಆ ಏಳು ಎಕರೆಯೂ ಒಂದೇ ಕಡೆ ಇರಲಿಲ್ಲ, ತುಂಡು ತುಂಡಾಗಿ ಊರ ಸುತ್ತ ಹರಡಿತ್ತು. ಬರೀ ಹೊಲವನ್ನು ನಂಬಿ ಬಹುಪಾಲು ಮನೆಗಳು ನಡೆಯುತ್ತಿರಲಿಲ್ಲ. ಹೊರಗಿನ ಕೂಲಿಯೋ ಸಾಲವೋ ಕೈಹಿಡಿಯಬೇಕಿತ್ತು. ಇವತ್ತು ರೋಮ್, ವಾಷಿಂಗ್ಟನ್, ನೈರೋಬಿಗಳಲ್ಲಿ ಕೂತು ಸಣ್ಣ ರೈತರಿಗಾಗಿ ಯೋಜನೆ ಬರೆಯುವ ಕೃಷಿ ಅರ್ಥಶಾಸ್ತ್ರಜ್ಞರ ಕೆಲಸವೂ ಇಲ್ಲಿಂದಲೇ ಶುರುವಾಗುತ್ತದೆ. ಒಂದು ಮನೆ, ಅದರ ಹೊಲ, ಅದರ ವರ್ಷದ ಲೆಕ್ಕ.

ಸಣ್ಣ ರೈತ ಅಂದರೆ ಸಾಮಾನ್ಯವಾಗಿ ಎರಡು ಹೆಕ್ಟೇರಿಗಿಂತ, ಅಂದರೆ ಐದು ಎಕರೆಗಿಂತ ಕಡಿಮೆ ಜಮೀನಿರುವವರು. 2015-16ರ ಕೃಷಿ ಗಣತಿಯ ಪ್ರಕಾರ ಭಾರತದ ಹಿಡುವಳಿಗಳಲ್ಲಿ ನೂರಕ್ಕೆ 86 ಈ ಗುಂಪಿನವು, ಸರಾಸರಿ ಹಿಡುವಳಿ 1.08 ಹೆಕ್ಟೇರ್. ಜಗತ್ತಿನ ಮಟ್ಟದಲ್ಲಿ ನೋಡಿದರೆ ಸುಮಾರು 60 ಕೋಟಿ ಹಿಡುವಳಿಗಳಿವೆ, ಅವುಗಳಲ್ಲಿ ನೂರಕ್ಕೆ 84ರಷ್ಟು ಎರಡು ಹೆಕ್ಟೇರಿನೊಳಗಿನವು. ಒಟ್ಟು ಸಾಗುವಳಿ ಭೂಮಿಯಲ್ಲಿ ಇವರ ಪಾಲು ಶೇಕಡಾ 12ರಷ್ಟೇ. ಆದರೂ ಜಗತ್ತಿನ ಆಹಾರದ ಮೂರನೇ ಒಂದು ಭಾಗದಷ್ಟನ್ನು ಬೆಳೆಯುವವರು ಇವರೇ ಎಂಬ ಅಂದಾಜಿದೆ.

ಇಷ್ಟು ದೊಡ್ಡ ಜನಸಂಖ್ಯೆಗೆ ಸಂಬಂಧಿಸಿದ ಕೆಲಸವಾದರೂ, ಅದು ಏನು ಅಂತ ನಮ್ಮ ಜನರಿಗೆ ಅಷ್ಟಾಗಿ ತಿಳಿದಿಲ್ಲ. ಇಲ್ಲಿ ಪುಣೆಯ ಕೃಷಿ ಕಾಲೇಜಿನಲ್ಲಿ ಓದುತ್ತಿರುವ ವಿಜಯಪುರ ಕಡೆಯ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು: "ಕಾಕಾ, ಅಗ್ರಿ ಎಕನಾಮಿಕ್ಸ್ ತೊಗೊಂಡ್ರ ಬ್ಯಾಂಕ್ ಪರೀಕ್ಷಾ ಬಿಟ್ಟು ಬ್ಯಾರೆ ಏನ್ ಐತ್ರಿ?" ಅವಳಿಗೆ ಅಲ್ಲೇ ನಿಂತು ಹೇಳಿ ಮುಗಿಸಲಾಗದ ಉತ್ತರ ಇದು.

ಹೆಚ್ಚು ಬೆಳೆಯುವುದು ಹೇಗೆ ಎಂದು ಹೇಳಲು ಬೇಸಾಯ ತಜ್ಞರಿದ್ದಾರೆ, ತಳಿ ತಜ್ಞರಿದ್ದಾರೆ. ಅರ್ಥಶಾಸ್ತ್ರಜ್ಞರ ಪ್ರಶ್ನೆ ಬೇರೆ. ಹೊಸ ತಳಿ ಬಂದಿದೆ, ಗೊಬ್ಬರ ಸಿಗುತ್ತದೆ, ಇಳುವರಿ ಹೆಚ್ಚುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೂ ರೈತ ಯಾಕೆ ಅದನ್ನು ಹಾಕುವುದಿಲ್ಲ? ನನ್ನ ಮಟ್ಟಿಗೆ ಈ ವಿಷಯದ ತಿರುಳು ಒಂದೇ ಪ್ರಶ್ನೆಯಲ್ಲಿದೆ: ಬೆಳೆ ಕೈಕೊಟ್ಟರೆ ನಷ್ಟ ಯಾರ ತಲೆಗೆ? ಆ ಭಾರವನ್ನು ಎರಡೆಕರೆಯವನ ಹೆಗಲಿನಿಂದ ಇಳಿಸಿ, ತಾಳಿಕೊಳ್ಳುವ ಶಕ್ತಿ ಇರುವವರ ಹೆಗಲಿಗೆ ದಾಟಿಸುವ ದಾರಿ ಹುಡುಕುವುದೇ ಇವರ ಕೆಲಸದ ದೊಡ್ಡ ಪಾಲು.

ಶಿರಾಪುರದ ನಾಣ್ಯದಾಟ

ರೈತ ಸೋಮಾರಿ, ಹಳೆಯ ಪದ್ಧತಿಗೆ ಜೋತುಬಿದ್ದವನು ಎಂಬ ಮಾತು ಒಂದು ಕಾಲಕ್ಕೆ ಅಧಿಕಾರಿಗಳ ಬಾಯಲ್ಲಿ ಸದಾ ಇರುತ್ತಿತ್ತು. 1964ರಲ್ಲಿ ಥಿಯೋಡರ್ ಶುಲ್ಟ್ಸ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಇದನ್ನು ತಲೆಕೆಳಗು ಮಾಡಿದರು. ಬಡ ರೈತ ತನ್ನ ಕೈಲಿರುವುದನ್ನು ಬಹಳ ಜಾಣತನದಿಂದಲೇ ಬಳಸುತ್ತಾನೆ, ಕೈಲಿರುವುದೇ ಕಡಿಮೆ ಎಂದು ವಾದಿಸಿದರು. 1979ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಅವರ ವಾದದಲ್ಲಿ ಒಂದು ತೂತು ಉಳಿದಿತ್ತು. ಜಾಣ ರೈತನಿಗೆ ಒಳ್ಳೆಯ ಅವಕಾಶ ಬಂದಾಗಲೂ ಅವನು ಹಿಂಜರಿಯುವುದೇಕೆ?

ಇದನ್ನು ಅಳೆಯಲು ಹೊರಟವರು ಬಂದಿಳಿದದ್ದು ನಮ್ಮ ನೆರೆಯಲ್ಲೇ. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಎಂಬ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆ ಶುರುವಾಯಿತು. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಇದರ ಬೆಳೆಗಳು. 1975ರಲ್ಲಿ ಈ ಸಂಸ್ಥೆ ಆರು ಹಳ್ಳಿಗಳನ್ನು ಆರಿಸಿಕೊಂಡಿತು. ಎರಡು ಮಹಬೂಬ್‌ನಗರ ಜಿಲ್ಲೆಯವು, ಎರಡು ಅಕೋಲಾದವು, ಇನ್ನೆರಡು ಸೊಲ್ಲಾಪುರ ಜಿಲ್ಲೆಯ ಶಿರಾಪುರ ಮತ್ತು ಕಲ್ಮಣ. ಸೊಲ್ಲಾಪುರ ಅಂದರೆ ಮರಾಠಿಯ ಜೊತೆ ಕನ್ನಡವೂ ಕೇಳಿಬರುವ ಸೀಮೆ, ಎರೆ ಭೂಮಿ, ಹಿಂಗಾರಿ ಜೋಳ. ಪ್ರತಿ ಹಳ್ಳಿಯಲ್ಲಿ 40 ಮನೆಗಳು, ಅವುಗಳಲ್ಲಿ ಹತ್ತು ಭೂಮಿಯಿಲ್ಲದ ಕೂಲಿಕಾರರವು. ಸಂಸ್ಥೆಯ ಒಬ್ಬ ತನಿಖೆಗಾರ ಊರಲ್ಲೇ ಮನೆ ಮಾಡಿಕೊಂಡು, ಮೂರು ನಾಲ್ಕು ವಾರಕ್ಕೊಮ್ಮೆ ಪ್ರತಿ ಮನೆಗೂ ಹೋಗಿ ಏನು ಬಿತ್ತಿದಿರಿ, ಏನು ಮಾರಿದಿರಿ, ಯಾರಿಂದ ಎಷ್ಟು ಕೈಗಡ ತಂದಿರಿ ಎಂದು ಬರೆದುಕೊಳ್ಳುತ್ತಿದ್ದ. ಹತ್ತು ವರ್ಷ ಇದು ನಡೆಯಿತು. ಒಂದೇ ಮನೆಯನ್ನು ಒಳ್ಳೆಯ ಮಳೆಯಲ್ಲೂ ಬರಗಾಲದಲ್ಲೂ ಹೀಗೆ ಹಿಂಬಾಲಿಸಿದ ಲೆಕ್ಕ ಆಗ ಜಗತ್ತಿನಲ್ಲೇ ಅಪರೂಪ.

ಹಾನ್ಸ್ ಬಿನ್ಸ್‌ವಾಂಗರ್ ಎಂಬ ಅರ್ಥಶಾಸ್ತ್ರಜ್ಞರು ಈ ಅಧ್ಯಯನದ ಹಳ್ಳಿಗಳಲ್ಲಿ ರೈತರ ಜೊತೆ ನಾಣ್ಯ ಚಿಮ್ಮುವ ಆಟವಾಡಿದರು. ರೈತನ ಮುಂದೆ ಹಲವು ಆಯ್ಕೆಗಳು. ಒಂದರಲ್ಲಿ ನಾಣ್ಯ ಹೇಗೆ ಬಿದ್ದರೂ 50 ರೂಪಾಯಿ ಖಾತ್ರಿ. ಇನ್ನೊಂದು ತುದಿಯದರಲ್ಲಿ ಒಂದು ಮಗ್ಗುಲು ಬಿದ್ದರೆ 200 ರೂಪಾಯಿ, ಮತ್ತೊಂದು ಮಗ್ಗುಲು ಬಿದ್ದರೆ ಸೊನ್ನೆ. ನಡುವೆ ಅಷ್ಟಿಷ್ಟು ಅಪಾಯದ ಆಯ್ಕೆಗಳು. ದುಡ್ಡು ನಿಜವಾದದ್ದು, ಗೆದ್ದದ್ದು ರೈತನದೇ. ಆಗಿನ ಕಾಲಕ್ಕೆ ಐವತ್ತು ರೂಪಾಯಿ ಅಂದರೆ ಕೂಲಿಯವನ ಎಷ್ಟೋ ದಿನಗಳ ದುಡಿಮೆ. ಪೈಸೆಗಳ ಆಟದಲ್ಲಿ ಜನ ಒಬ್ಬೊಬ್ಬರು ಒಂದೊಂದು ಥರ ಆಡಿದರು. ಮೊತ್ತ ದೊಡ್ಡದಾದಂತೆ ಬಡವ, ಶ್ರೀಮಂತ ಎಂಬ ಭೇದವಿಲ್ಲದೆ ಹೆಚ್ಚುಕಡಿಮೆ ಎಲ್ಲರೂ ನಡುವಿನ ಎಚ್ಚರಿಕೆಯ ಆಯ್ಕೆಗೆ ಬಂದು ನಿಂತರು.

1980ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥ ದೊಡ್ಡದು. ಐವತ್ತೆಕರೆಯವನು ಧೈರ್ಯವಂತ, ಎರಡೆಕರೆಯವನು ಅಂಜುಬುರುಕ ಅನ್ನುವಂತಿಲ್ಲ. ಇಬ್ಬರ ಮನಸ್ಸೂ ಒಂದೇ ಬಗೆಯದು. ಒಬ್ಬನಿಗೆ ಬಿದ್ದರೆ ಎದ್ದೇಳಲು ಸಾಲ, ದಾಸ್ತಾನು, ನೆಂಟರ ಕೈ ಇದೆ; ಇನ್ನೊಬ್ಬನಿಗೆ ಇಲ್ಲ. ಹಾಗಿದ್ದ ಮೇಲೆ ರೈತನ ಮನೋಭಾವ ಬದಲಿಸುವ ತರಬೇತಿ ಶಿಬಿರಗಳಿಗೆ ದುಡ್ಡು ಸುರಿಯುವುದು ಯಾಕೆ? (ಸುರಿಯುವುದು ಇನ್ನೂ ನಿಂತಿಲ್ಲ. ಬ್ಯಾನರ್ ಕಟ್ಟಿ, ಊಟ ಹಾಕಿ, ಫೋಟೋ ತೆಗೆಯಲು ಶಿಬಿರದಷ್ಟು ಸುಲಭದ್ದು ಬೇರೆ ಇಲ್ಲವಲ್ಲ.)

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಎರಡೆಕರೆಯಲ್ಲಿ ಜೋಳ ಹಾಕಿದರೆ ಒಳ್ಳೆಯ ವರ್ಷ 20,000 ರೂಪಾಯಿ ಉಳಿಯುತ್ತದೆ, ಕೆಟ್ಟ ವರ್ಷ 6,000. ಉಳ್ಳಾಗಡ್ಡಿ ಹಾಕಿದರೆ ಒಳ್ಳೆಯ ವರ್ಷ 90,000, ಕೆಟ್ಟ ವರ್ಷ ಕೈಯಿಂದಲೇ 40,000 ಹೋಗುತ್ತದೆ. ವರ್ಷ ಬಿಟ್ಟು ವರ್ಷ ಒಳ್ಳೆಯದು ಅಂದುಕೊಂಡರೆ ಜೋಳದ ಸರಾಸರಿ 13,000, ಉಳ್ಳಾಗಡ್ಡಿಯದು 25,000. ಕಾಗದದ ಮೇಲೆ ಉಳ್ಳಾಗಡ್ಡಿಯೇ ಗೆದ್ದಿತು. ಆದರೆ ಮನೆ ನಡೆಯುವುದು ಸರಾಸರಿಯ ಮೇಲಲ್ಲ. ಮೊದಲ ವರ್ಷವೇ ಕೆಟ್ಟದಾದರೆ ಆ 40,000 ಎಲ್ಲಿಂದ ತರುವುದು? ಹೆಂಡತಿಯ ಕಿವಿಯದೋ ಕೊರಳಿನದೋ ಗಿರವಿಗೆ ಹೋಗುತ್ತದೆ, ಇಲ್ಲವೇ ಎತ್ತು ಸಂತೆಗೆ ಹೋಗುತ್ತವೆ.

ಎತ್ತಿನ ಮಾತು ಸುಮ್ಮನೆ ಹೇಳಿದ್ದಲ್ಲ. 1993ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಇದೇ ಇಕ್ರಿಸ್ಯಾಟ್ ಹಳ್ಳಿಗಳ ಲೆಕ್ಕ ಹಿಡಿದು ತೋರಿಸಿದರು: ಆದಾಯ ಬಿದ್ದ ವರ್ಷ ರೈತರು ಎತ್ತು ಮಾರುತ್ತಿದ್ದರು, ಚೇತರಿಸಿಕೊಂಡ ವರ್ಷ ಕೊಳ್ಳುತ್ತಿದ್ದರು. ಉಳುವ ಎತ್ತೇ ಅವರ ಉಳಿತಾಯ ಖಾತೆ. ಬರಗಾಲದಲ್ಲಿ ಎತ್ತು ಮಾರಿದವನಿಗೆ ಮುಂದಿನ ವರ್ಷ ಮಳೆ ಬಂದರೂ ಹದಕ್ಕೆ ಸರಿಯಾಗಿ ಬಿತ್ತಲಾಗದು. ಒಂದು ವರ್ಷದ ನಷ್ಟ ಹೀಗೆ ಎರಡು ಮೂರು ವರ್ಷಕ್ಕೆ ಬೆಳೆಯುತ್ತದೆ.

ಮೈಸೂರಿನಲ್ಲಿ ಹುಟ್ಟಿ, ಪುಣೆಗೆ ಬಂದು, ಕೀನ್ಯಾ ಮುಟ್ಟಿದ ವಿಚಾರ

ಹಾಗಾದರೆ ವಿಮೆ ಮಾಡಿಸಬಹುದಲ್ಲ? ಮಾಡಿಸಬಹುದು, ಆದರೆ ಅಂಗಡಿಗೋ ಲಾರಿಗೋ ವಿಮೆ ಮಾಡಿದಂತೆ ಹೊಲಕ್ಕೆ ಮಾಡಿದರೆ ವಿಮಾ ಕಂಪನಿ ಮುಳುಗುತ್ತದೆ. ಎರಡೆಕರೆಯ ಬೆಳೆ ನಿಜವಾಗಿ ಎಷ್ಟು ಹೋಯಿತು ಎಂದು ನೋಡಲು ಒಬ್ಬ ಅಧಿಕಾರಿ ಬರುವ ಖರ್ಚೇ ಪ್ರೀಮಿಯಂಗಿಂತ ಹೆಚ್ಚು. ವಿಮೆ ಇದೆ ಎಂದು ಕಳೆ ತೆಗೆಯುವುದನ್ನು ಬಿಡುವವರಿರುತ್ತಾರೆ. ಕೆಟ್ಟ ಜಮೀನಿನವರೇ ಮೊದಲು ಓಡಿ ಬಂದು ಹೆಸರು ಬರೆಸುತ್ತಾರೆ. 1972ರಲ್ಲಿ ಗುಜರಾತಿನ ಎಚ್-4 ಹತ್ತಿಗೆ ಹೊಲವಾರು ವಿಮೆ ಶುರುಮಾಡಿ ನೋಡಿದ್ದಾಯಿತು. ಕೆಲವು ವರ್ಷಗಳಲ್ಲಿ ಬಂದ ಪ್ರೀಮಿಯಂ ಸುಮಾರು 4.5 ಲಕ್ಷ ರೂಪಾಯಿ, ಕೊಟ್ಟ ಪರಿಹಾರ ಸುಮಾರು 38 ಲಕ್ಷ.

ಇದಕ್ಕೆ ಪರಿಹಾರ ಅದಕ್ಕೂ ಅರ್ಧ ಶತಮಾನ ಮೊದಲೇ ಮೈಸೂರು ಸಂಸ್ಥಾನದಲ್ಲಿ ಹೊಳೆದಿತ್ತು ಅನ್ನುವುದು ನಮ್ಮಲ್ಲೇ ಬಹಳ ಜನಕ್ಕೆ ತಿಳಿಯದು. ಅಲ್ಲಿ ಕೆಲಸದಲ್ಲಿದ್ದ ಜೆ.ಎಸ್. ಚಕ್ರವರ್ತಿ ಎಂಬುವರು 1920ರಲ್ಲಿ ಒಂದು ಯೋಜನೆಯನ್ನು ಪ್ರಕಟಿಸಿದರು. ಬೆಳೆಯನ್ನು ನೋಡಲೇ ಬೇಡಿ, ಮಳೆಯನ್ನು ಅಳೆಯಿರಿ. ಮಳೆಮಾಪಕದಲ್ಲಿ ಇಷ್ಟು ಅಂಗುಲಕ್ಕಿಂತ ಕಡಿಮೆ ದಾಖಲಾದರೆ ಆ ಪ್ರದೇಶದ ವಿಮೆ ಮಾಡಿಸಿದ ಎಲ್ಲರಿಗೂ ಪರಿಹಾರ. ಯಾರ ಹೊಲಕ್ಕೂ ಯಾರೂ ಹೋಗಬೇಕಿಲ್ಲ, ಮೋಸಕ್ಕೆ ಜಾಗವಿಲ್ಲ, ಕಳೆ ತೆಗೆದವನಿಗೆ ಅದರ ಲಾಭ ಪೂರ್ತಿ ಉಳಿಯುತ್ತದೆ. ಸೊಗಸಾದ ವಿಚಾರ. ಆದರೆ ಅದು ಜಾರಿಗೆ ಬರಲಿಲ್ಲ.

ಮುಂದೆ ಇದೇ ಜಾಡಿನಲ್ಲಿ ಬಂದದ್ದು ಪುಣೆಯ ಗೋಖಲೆ ಇನ್‌ಸ್ಟಿಟ್ಯೂಟ್. ಬಿಎಂಸಿಸಿ ರಸ್ತೆಯ ಈ ಸಂಸ್ಥೆ 1930ರದು, ಮೊದಲ ನಿರ್ದೇಶಕರು ಧನಂಜಯರಾವ್ ಗಾಡ್ಗೀಳ್. ಅಲ್ಲಿಯ ವಿ.ಎಂ. ದಾಂಡೇಕರ್ ಅವರು 1970ರ ದಶಕದಲ್ಲಿ ಪ್ರತಿಪಾದಿಸಿದ್ದು ಪ್ರದೇಶವಾರು ವಿಮೆಯನ್ನು. ಒಂದೇ ಬಗೆಯ ಮಣ್ಣು, ಮಳೆ ಇರುವ ಪ್ರದೇಶದಲ್ಲಿ ಕೆಲವು ಹೊಲಗಳ ಬೆಳೆ ಕೊಯ್ದು ತೂಗಿ ಸರಾಸರಿ ತೆಗೆಯಿರಿ, ಅದು ಮಾಮೂಲಿಗಿಂತ ಬಿದ್ದರೆ ಎಲ್ಲರಿಗೂ ಕೊಡಿ. 1979ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಇದು 1985ರಲ್ಲಿ ದೇಶದ ಸಮಗ್ರ ಬೆಳೆ ವಿಮೆಯಾಯಿತು. 2016ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಫಸಲ್ ಬಿಮಾದ ಬುನಾದಿಯೂ ಅದೇ. ರೈತ ಕಟ್ಟುವುದು ಮುಂಗಾರಿಗೆ ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟದ ಬೆಳೆಗೆ 5. ಉಳಿದದ್ದು ಸರ್ಕಾರಗಳ ಪಾಲು.

ಮಳೆ ಅಳೆದು ಕೊಡುವ ವಿಮೆಯಲ್ಲೊಂದು ಮುಳ್ಳಿದೆ. ಮಳೆಮಾಪಕ ಹೋಬಳಿ ಕೇಂದ್ರದಲ್ಲಿ, ಹೊಲ ಎಂಟು ಹತ್ತು ಕಿಲೋಮೀಟರ್ ಆಚೆ. ಅಲ್ಲಿ ಸುರಿದ ಮಳೆ ಇಲ್ಲಿ ಬೀಳಲಿಲ್ಲ. ಯಂತ್ರದ ಪ್ರಕಾರ ವರ್ಷ ಚೆನ್ನಾಗಿದೆ, ರೈತನ ಹೊಲ ಒಣಗಿ ನಿಂತಿದೆ, ಪರಿಹಾರ ಇಲ್ಲ. ಪ್ರೀಮಿಯಂ ಕಟ್ಟಿಯೂ ಬೆಳೆ ಕಳೆದುಕೊಂಡವನ ಸ್ಥಿತಿ ಕಟ್ಟದವನಿಗಿಂತ ಕೆಟ್ಟದ್ದು. ಅಂಥವನು ಮರುವರ್ಷ ವಿಮೆಯ ಹತ್ತಿರವೂ ಸುಳಿಯುವುದಿಲ್ಲ, ಊರಿಗೆಲ್ಲ ಬೇಡ ಎಂದು ಹೇಳುತ್ತಾನೆ. ಈ ಅಂತರವನ್ನು ಕಡಿಮೆ ಮಾಡುವುದು ಹೇಗೆ ಎಂಬುದರ ಮೇಲೆ ಇಡೀ ವೃತ್ತಿಜೀವನ ಕಳೆದ ಅರ್ಥಶಾಸ್ತ್ರಜ್ಞರಿದ್ದಾರೆ. ಮಾಪಕಗಳನ್ನು ಹತ್ತಿರ ಹತ್ತಿರ ಹಾಕುವುದು, ಉಪಗ್ರಹದ ಚಿತ್ರ ನೋಡುವುದು, ವಿಮೆಯನ್ನು ಒಬ್ಬೊಬ್ಬರಿಗೆ ಮಾರುವ ಬದಲು ಸಂಘಕ್ಕೆ ಮಾರಿ ಒಳಗೆ ಅವರೇ ಹಂಚಿಕೊಳ್ಳಲು ಬಿಡುವುದು, ಹೀಗೆ ದಾರಿಗಳು ಹಲವು.

ಅದರಲ್ಲಿ ನನಗೆ ಬಹಳ ಹಿಡಿಸಿದ ಪ್ರಯೋಗ ಉತ್ತರ ಕೀನ್ಯಾದ ಮಾರ್ಸಾಬಿಟ್‌ನದು. ದನ, ಒಂಟೆ, ಆಡು ಕಾಯುವ ಜನ ಅಲ್ಲಿಯವರು, ಬರ ಬಂದರೆ ಹಿಂಡೇ ಸಾಯುತ್ತದೆ. ನೈರೋಬಿಯ ಅಂತಾರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯ ಆಂಡ್ರೂ ಮೂಡೆ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯದ ಕ್ರಿಸ್ ಬ್ಯಾರೆಟ್ ಮೊದಲಾದವರು ಸೇರಿ 2010ರ ಜನವರಿಯಲ್ಲಿ ಅಲ್ಲಿ ಹೊಸ ವಿಮೆ ತಂದರು. ಸತ್ತ ದನ ಎಣಿಸುವುದಿಲ್ಲ. ಹುಲ್ಲುಗಾವಲು ಎಷ್ಟು ಹಸಿರಾಗಿದೆ ಎಂದು ಉಪಗ್ರಹ ನೋಡುತ್ತದೆ, ಹಸಿರು ಒಂದು ಮಟ್ಟಕ್ಕಿಂತ ಕುಸಿದರೆ ದುಡ್ಡು ಬರುತ್ತದೆ. 2011ರ ಭೀಕರ ಬರದಲ್ಲಿ ಮೊದಲ ಪರಿಹಾರ ಬಂತು. ಆಮೇಲೆ ನಡೆದ ಅಧ್ಯಯನದಲ್ಲಿ ಕಂಡದ್ದು: ವಿಮೆ ಇದ್ದವರಲ್ಲಿ ಸ್ವಲ್ಪ ಅನುಕೂಲಸ್ಥರು ದನ ಮಾರುವುದು ಕಡಿಮೆಯಾಯಿತು, ಕಡುಬಡವರು ಊಟ ಬಿಡುವುದು ಕಡಿಮೆಯಾಯಿತು. ಶಿರಾಪುರದ ಎತ್ತಿಗೂ ಮಾರ್ಸಾಬಿಟ್‌ನ ಹಸುವಿಗೂ ಇರುವ ನಂಟು ಹೇಳದೆಯೇ ತಿಳಿಯುತ್ತದೆ. ಆಂಧ್ರದಲ್ಲಿ ನಡೆದ ಪ್ರಯೋಗದಲ್ಲಿ ಇನ್ನೊಂದು ಫಲ ಸಿಕ್ಕಿತು. ಮಳೆ ವಿಮೆ ಕೈಲಿದ್ದ ರೈತರು ಹೆಚ್ಚು ಅಪಾಯದ, ಹೆಚ್ಚು ಆದಾಯದ ನಗದು ಬೆಳೆಗಳತ್ತ ಹೊರಳಿದರು. ಜೋಳದಿಂದ ಉಳ್ಳಾಗಡ್ಡಿಗೆ ಹೋಗಲು ಬೇಕಾಗಿದ್ದದ್ದು ಭಾಷಣವಲ್ಲ ಎಂದಾಯಿತು.

ವಿಮೆ ಅಗ್ಗವಾದಷ್ಟೂ ಒಳ್ಳೆಯದು ಅಂದುಕೊಳ್ಳುವವರಿಗೆ ಮಹಾರಾಷ್ಟ್ರದ ಅನುಭವ ನೋಡಬೇಕು. 2023ರಲ್ಲಿ ರೈತನ ಪಾಲನ್ನು ಒಂದು ರೂಪಾಯಿಗೆ ಇಳಿಸಿದರು. ಅರ್ಜಿಗಳು ಹೊಳೆಯಾಗಿ ಬಂದವು. ಸರ್ಕಾರಿ ಜಾಗ, ದೇವಸ್ಥಾನದ ಜಾಗ ತೋರಿಸಿ ವಿಮೆ ಮಾಡಿಸಿದವರೂ ಸಿಕ್ಕಿಬಿದ್ದರು. 2025ರಲ್ಲಿ ಅದನ್ನು ಕೈಬಿಟ್ಟರು.

'ಮೊದಲು-ನಂತರ' ಅಲ್ಲ, 'ಇದ್ದರೆ-ಇಲ್ಲದಿದ್ದರೆ'

ಯೋಜನೆಗೆ ಸಾಲ ಕೊಡುವ ಮೊದಲು ಸಂಸ್ಥೆಗಳು ಲೆಕ್ಕ ಕೇಳುತ್ತವೆ. ಇಫಾಡ್ ಎಂಬ ವಿಶ್ವಸಂಸ್ಥೆಯ ನಿಧಿ ಇದೆ, 1974ರ ವಿಶ್ವ ಆಹಾರ ಸಮ್ಮೇಳನದ ಫಲವಾಗಿ 1977ರಲ್ಲಿ ರೋಮ್‌ನಲ್ಲಿ ಶುರುವಾದದ್ದು. ಅದರ ಪೂರ್ತಿ ಗಮನ ಹಳ್ಳಿಯ ಬಡವರ ಮೇಲೆ. ಮಹಾರಾಷ್ಟ್ರದ ಮಹಿಳಾ ಸ್ವಸಹಾಯ ಸಂಘಗಳ ತೇಜಸ್ವಿನಿ ಯೋಜನೆಗೆ ಹಣ ಕೊಟ್ಟದ್ದು ಇದೇ. ಅಲ್ಲಿ ಕೆಲಸ ಮಾಡುವ ಅರ್ಥಶಾಸ್ತ್ರಜ್ಞರು ಪ್ರತಿ ಬೆಳೆಗೂ ಒಂದೆಕರೆಯ ಬಜೆಟ್ ಬರೆಯುತ್ತಾರೆ: ಬೀಜ, ಗೊಬ್ಬರ, ಆಳು, ಬಾಡಿಗೆ ಟ್ರ್ಯಾಕ್ಟರು, ಅಡತಿ, ಹಮಾಲಿ, ಮಾರುಕಟ್ಟೆಗೆ ಸಾಗಣೆ. ಪುಣೆಯ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಪಟ್ಟಿ ಬರೆಸಿಕೊಂಡ ರೈತನನ್ನು ಕೇಳಿದರೆ ಇದನ್ನು ಪುಸ್ತಕಕ್ಕಿಂತ ಚೆನ್ನಾಗಿ ಹೇಳುತ್ತಾನೆ.

ಕಷ್ಟ ಇರುವುದು ದುಡ್ಡು ಕೊಡದೆ ಮಾಡಿಸಿಕೊಂಡ ಕೆಲಸಕ್ಕೆ ಬೆಲೆ ಕಟ್ಟುವುದರಲ್ಲಿ. ಬೆಂಬಲ ಬೆಲೆಯ ಜಗಳದಲ್ಲಿ ಎ2, ಸಿ2 ಎಂದು ಕೇಳಿರುತ್ತೀರಿ. ಎ2 ಅಂದರೆ ಕೈಯಿಂದ ಖರ್ಚಾದದ್ದು. ಅದಕ್ಕೆ ಮನೆಯವರ ದುಡಿಮೆಯ ಬೆಲೆ ಸೇರಿಸಿದರೆ ಇನ್ನೊಂದು ಲೆಕ್ಕ. ಅದರ ಮೇಲೆ ಸ್ವಂತ ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿ ಸೇರಿದರೆ ಸಿ2. ಸರ್ಕಾರ ಒಂದೂವರೆ ಪಟ್ಟು ಕೊಡುತ್ತೇವೆ ಅನ್ನುವುದು ಎರಡನೆಯದರ ಮೇಲೆ, ರೈತ ಸಂಘಗಳು ಕೇಳುವುದು ಸಿ2 ಮೇಲೆ. ಎರಡೂ ಕಡೆಯವರು ಹೇಳುವ ಒಂದೂವರೆ ಪಟ್ಟು ನಿಜವೇ. ಬುನಾದಿ ಬೇರೆ, ಅಷ್ಟೇ. ಬೆಳಗಿನ ಜಾವ ಎದ್ದು ಬುತ್ತಿ ಕಟ್ಟಿ, ಹೊಲಕ್ಕೆ ಬಂದು ಕಳೆ ಕೀಳುವ ಹೆಂಗಸಿನ ದಿನಕ್ಕೆ ಎಷ್ಟು ಬೆಲೆ ಹಾಕಬೇಕು ಎಂಬುದು ಲೆಕ್ಕದ ಪ್ರಶ್ನೆಯಂತೆ ಕಂಡರೂ ಬರೀ ಲೆಕ್ಕದ್ದಲ್ಲ.

ಯೋಜನೆ ಮುಗಿದ ಮೇಲೆ ಇನ್ನೊಂದು ಬಲೆ. ಯೋಜನೆಗೆ ಮೊದಲು ಆದಾಯ 40,000 ಇತ್ತು, ಐದು ವರ್ಷದ ನಂತರ 70,000 ಆಯಿತು, ಹಾಗಾಗಿ ಲಾಭ 30,000 ಎಂದು ವರದಿ ಬರೆಯುವವರಿದ್ದಾರೆ. ಈ ಐದು ವರ್ಷದಲ್ಲಿ ಮಳೆ ಚೆನ್ನಾಗಿ ಬಂದಿರಬಹುದು, ಪಕ್ಕದಲ್ಲಿ ಹೆದ್ದಾರಿ ಆಗಿರಬಹುದು, ಬೆಲೆ ಏರಿರಬಹುದು. ಯೋಜನೆಯೇ ಇಲ್ಲದಿದ್ದರೆ ಆದಾಯ ಎಷ್ಟಿರುತ್ತಿತ್ತು? ಅದೇ ಬಗೆಯ, ಯೋಜನೆ ತಲುಪದ ಹಳ್ಳಿಗಳಲ್ಲಿ 65,000 ಆಗಿದ್ದರೆ ನಿಮ್ಮ ಕೊಡುಗೆ 5,000 ಮಾತ್ರ. ಹಳ್ಳಿಗಳನ್ನು ಚೀಟಿ ಎತ್ತಿ ಆರಿಸಿ, ಕೆಲವಕ್ಕೆ ಕೊಟ್ಟು ಕೆಲವಕ್ಕೆ ಕೊಡದೆ ಹೋಲಿಸುವ ಪದ್ಧತಿಯನ್ನು ಬೆಳೆಸಿದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೋ, ಮೈಕೆಲ್ ಕ್ರೆಮರ್ ಅವರಿಗೆ 2019ರ ನೊಬೆಲ್ ಸಿಕ್ಕಿತು. ದುಫ್ಲೋ ಮತ್ತು ಕ್ರೆಮರ್ ಪಶ್ಚಿಮ ಕೀನ್ಯಾದಲ್ಲಿ ಜೊತೆಗಾರರೊಂದಿಗೆ ಮಾಡಿದ ಗೊಬ್ಬರದ ಪ್ರಯೋಗ ಸರಳವಾದದ್ದು. ಸುಗ್ಗಿ ಮುಗಿದು ಕೈಯಲ್ಲಿ ಕಾಸಿರುವಾಗಲೇ ಮುಂದಿನ ಬೆಳೆಯ ಗೊಬ್ಬರ ಮಾರಿದರೆ, ಮನೆಗೆ ಪುಕ್ಕಟೆ ತಲುಪಿಸಿದರೆ, ಹೆಚ್ಚು ಜನ ಕೊಂಡರು. ದೊಡ್ಡ ಸಬ್ಸಿಡಿ ಬೇಕಾಗಲಿಲ್ಲ.

ಜೋಳದ ಪೇಟೆಯಿಂದ ವಿಶ್ವಬ್ಯಾಂಕಿಗೆ

ಇಂಥ ಬದುಕು ಹೇಗಿರುತ್ತದೆ ಎಂದು ತಿಳಿಯಲು ಉಮಾ ಲೇಲೆ ಅವರನ್ನು ನೋಡಬಹುದು. ಪುಣೆಯಲ್ಲಿ ಪದವಿ ಓದಿ ಅಮೆರಿಕದ ಕಾರ್ನೆಲ್‌ಗೆ ಹೋದವರು. ಅಲ್ಲಿ 1965ರಲ್ಲಿ ಕೃಷಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅವರು ಮೊದಲು ಕೈಹಾಕಿದ್ದು ಪಶ್ಚಿಮ ಭಾರತದ ಜೋಳದ ಬೆಲೆಗೆ. ವ್ಯಾಪಾರಿಗಳೇ ರೈತನನ್ನು ಸುಲಿಯುತ್ತಾರೆ ಎಂಬ ಮಾತು ಸಾಮಾನ್ಯವಾಗಿತ್ತು. ಹಾಗಿದ್ದರೆ ಎರಡು ಪೇಟೆಗಳ ನಡುವಿನ ಬೆಲೆಯ ಅಂತರ ಸಾಗಣೆ ಖರ್ಚಿಗಿಂತ ಬಹಳ ಹೆಚ್ಚಿರಬೇಕು. ಬೆಲೆಗಳನ್ನು ಹಿಡಿದು ನೋಡಿದಾಗ ಪೇಟೆಗಳು ಬಹುಮಟ್ಟಿಗೆ ಒಂದಕ್ಕೊಂದು ಹೊಂದಿಕೊಂಡೇ ಏರಿಳಿಯುತ್ತಿದ್ದವು. ದಲಾಲಿಗಳೆಲ್ಲ ಸಾಧುಗಳು ಎಂದು ಇದರ ಅರ್ಥವಲ್ಲ. ಆದರೆ ಬೈಯುವ ಮೊದಲು ಅಳೆಯಬೇಕು ಎಂಬ ಶಿಸ್ತು ಇದರಲ್ಲಿದೆ. ಮುಂದೆ ಅವರು ವಿಶ್ವಬ್ಯಾಂಕ್ ಸೇರಿ ಆಫ್ರಿಕಾದ ಗ್ರಾಮೀಣ ಯೋಜನೆಗಳನ್ನು ಅಧ್ಯಯನ ಮಾಡಿದರು. ಹೊರಗಿನ ತಜ್ಞರು ನಡೆಸುವ ತನಕ ನಡೆದು, ಅವರು ಹೊರಟ ಮೇಲೆ ಊರಿನವರಿಗೆ ತರಬೇತಿಯೂ ಸಂಸ್ಥೆಯೂ ಇಲ್ಲದೆ ಯೋಜನೆ ಕುಸಿಯುವುದನ್ನು 1975ರಷ್ಟು ಹಿಂದೆಯೇ ಬರೆದರು. ಕೃಷಿ ಅರ್ಥಶಾಸ್ತ್ರಜ್ಞರ ಅಂತಾರಾಷ್ಟ್ರೀಯ ಸಂಘಕ್ಕೆ ಅಧ್ಯಕ್ಷೆಯಾದ ಮೊದಲ ಮಹಿಳೆಯೂ ಅವರೇ.

ಬೆಲೆಯ ಅಪಾಯ ಮಳೆಯ ಅಪಾಯದಷ್ಟೇ ಕ್ರೂರ. 2003ರಲ್ಲಿ ಕೀಟನಾಶಕದ ಉಳಿಕೆ ಸಿಕ್ಕಿತೆಂದು ಮಹಾರಾಷ್ಟ್ರದ ದ್ರಾಕ್ಷಿ ಯುರೋಪಿನಲ್ಲಿ ತಿರಸ್ಕಾರವಾಯಿತು. ಕಂಟೇನರ್ ಹಿಂದಕ್ಕೆ ಬಂದರೆ ಒಬ್ಬ ಸಣ್ಣ ಬೆಳೆಗಾರ ಅಲ್ಲಿಗೇ ಮುಗಿದ. 1991ರಲ್ಲಿ ಪುಣೆಯಲ್ಲಿ ಬೆಳೆಗಾರರ ಸಹಕಾರ ಸಂಘಗಳು ಸೇರಿ ಕಟ್ಟಿಕೊಂಡ ಮಹಾಗ್ರೇಪ್ಸ್‌ನಂಥ ಕೂಟ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಯುರೋಪಿನ ಪ್ರಮಾಣಪತ್ರದ ವೆಚ್ಚ, ಪರೀಕ್ಷೆ, ತಂತ್ರಜ್ಞರ ಸಲಹೆ ಎಲ್ಲವನ್ನೂ ಗುಂಪು ಹೊರುತ್ತದೆ. ರೈತ ಉತ್ಪಾದಕ ಕಂಪನಿಗಳನ್ನು ಸರ್ಕಾರ ಈಗ ಸಾವಿರಗಟ್ಟಲೆ ಹುಟ್ಟಿಸುತ್ತಿದೆ. ಗುಂಪು ಮಾಡಿದ ಮಾತ್ರಕ್ಕೆ ಅಪಾಯ ಹಂಚಿಹೋಗುವುದಿಲ್ಲ. ಕೊಳ್ಳುವವನೊಬ್ಬ, ದುಡಿಯುವ ಬಂಡವಾಳ, ಲೆಕ್ಕ ಬಲ್ಲ ಮ್ಯಾನೇಜರ್ ಇಲ್ಲದಿದ್ದರೆ ಅದು ಬೋರ್ಡಿನ ಮೇಲಿನ ಕಂಪನಿ ಅಷ್ಟೇ.

ಕೆಲಸಕ್ಕೆ ಸೇರುವ ದಾರಿ

ಧಾರವಾಡ, ಬೆಂಗಳೂರು, ರಾಹುರಿ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಬಿಎಸ್ಸಿ, ಆಮೇಲೆ ಕೃಷಿ ಅರ್ಥಶಾಸ್ತ್ರದಲ್ಲಿ ಎಂಎಸ್ಸಿ ಒಂದು ದಾರಿ. ಬರೀ ಅರ್ಥಶಾಸ್ತ್ರ ಓದಿ ಗೋಖಲೆ ಇನ್‌ಸ್ಟಿಟ್ಯೂಟ್‌ಗೋ, ಮುಂಬೈ ಗೋರೆಗಾಂವ್‌ನ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆಗೋ ಸೇರುವುದು ಇನ್ನೊಂದು. ಮುಂಬೈನ ಬಾಂದ್ರಾ ಕುರ್ಲಾದಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಕೇಂದ್ರ ಕಚೇರಿ ಇದೆ. ಅದರ ಬೇರು ಹುಡುಕುತ್ತ ಹೋದರೆ 1951-52ರ ಗ್ರಾಮೀಣ ಸಾಲ ಸಮೀಕ್ಷೆ ಸಿಗುತ್ತದೆ. ರೈತನ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3ರಷ್ಟು, ಲೇವಾದೇವಿಯವರದು 70ರ ಹತ್ತಿರ ಎಂದು ಆ ಸಮೀಕ್ಷೆ ತೋರಿಸಿತು.

ವಿದೇಶಿ ಸಂಸ್ಥೆಗಳ ಬಾಗಿಲು ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ವಿಶ್ವಸಂಸ್ಥೆಯ ಕಿರಿಯ ಅಧಿಕಾರಿಗಳ ಹುದ್ದೆಗೆ ಖರ್ಚು ಕೊಡುವುದು ದಾನಿ ದೇಶಗಳು, ಹಾಗಾಗಿ ಅವರವರ ದೇಶದವರಿಗೇ ಹೆಚ್ಚು ಜಾಗ. ನಮ್ಮವರು ಬಹುತೇಕ ಒಳಗೆ ಹೋಗುವುದು ಸಲಹೆಗಾರರಾಗಿ, ಗುತ್ತಿಗೆಯ ಮೇಲೆ. ಎರಡು ಮೂರು ವಾರದ ಮಿಷನ್, ಹಳ್ಳಿ ಸುತ್ತಾಟ, ರಾತ್ರಿ ಎಕ್ಸೆಲ್, ಕೊನೆಗೆ ವರದಿ. ಪಶ್ಚಿಮ ಆಫ್ರಿಕಾದ ಬಹಳಷ್ಟು ದೇಶಗಳಲ್ಲಿ ಕೆಲಸ ಬೇಕಾದರೆ ಫ್ರೆಂಚ್ ಕಲಿತಿರಬೇಕು. ಮೊಜಾಂಬಿಕ್, ಅಂಗೋಲಾಗಳಿಗೆ ಪೋರ್ಚುಗೀಸ್ ಬೇಕು, ಗೋವಾದಲ್ಲಿರುವ ಕನ್ನಡದ ಹುಡುಗರಿಗೆ ಅದನ್ನು ಕಲಿಯಲು ಬೇರೆ ಊರಿಗೆ ಹೋಗಬೇಕಿಲ್ಲ. 2025ರಲ್ಲಿ ಅಮೆರಿಕ ತನ್ನ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿದಾಗ ಈ ಕ್ಷೇತ್ರದ ಎಷ್ಟೋ ಜನ ರಾತ್ರೋರಾತ್ರಿ ಕೆಲಸ ಕಳೆದುಕೊಂಡರು. ವಿದೇಶಕ್ಕೆ ಹೋಗದೆಯೂ ಇದೇ ಕೆಲಸ ಮಾಡಬಹುದು. ಮಹಾರಾಷ್ಟ್ರದ ಪೋಕ್ರಾ, ಸ್ಮಾರ್ಟ್ ಎಂಬ ಕೃಷಿ ಯೋಜನೆಗಳು ವಿಶ್ವಬ್ಯಾಂಕ್ ಸಾಲದವು, ಪುಣೆ ಹತ್ತಿರದ ಉರುಳಿ ಕಾಂಚನದಲ್ಲಿ ಹುಟ್ಟಿದ ಬೈಫ್ ಎಂಬ ಗ್ರಾಮಾಭಿವೃದ್ಧಿ ಸಂಸ್ಥೆ ಕರ್ನಾಟಕದಲ್ಲೂ ಇದೆ.

ಈ ವೃತ್ತಿಯಲ್ಲಿ ನನಗೆ ಸರಿಬಾರದ ಸಂಗತಿಯೊಂದಿದೆ. ಎಲ್ಲರ ಅಪಾಯವನ್ನು ಅಳೆಯುವ ಸಲಹೆಗಾರನ ಮೇಲೆ ಮಾತ್ರ ಯಾವ ಅಪಾಯವೂ ಇಲ್ಲ. ಅವನು ಹೇಳಿದ ಬೆಳೆ ಹಾಕಿ ರೈತ ಸೋತರೂ ಅವನ ದಿನದ ಶುಲ್ಕ ಬಂದಿರುತ್ತದೆ. ವರದಿಯಲ್ಲಿ ಅದು 'ಕಲಿತ ಪಾಠ' ಎಂಬ ಅಧ್ಯಾಯಕ್ಕೆ ಹೋಗುತ್ತದೆ. ಒಳ್ಳೆಯ ಅರ್ಥಶಾಸ್ತ್ರಜ್ಞರು ಇದನ್ನು ಬಲ್ಲರು, ಅದಕ್ಕೇ ಹೊಸದನ್ನು ಇಡೀ ಜಮೀನಿಗೆ ಶಿಫಾರಸು ಮಾಡುವುದಿಲ್ಲ. ನಾಲ್ಕು ಗುಂಟೆಯಲ್ಲಿ ಹಾಕಿ ನೋಡಿ, ಹೋದರೆ ನಾವು ಕೊಡುತ್ತೇವೆ ಎಂದು ಯೋಜನೆಯ ಬಜೆಟ್ಟಿನಲ್ಲೇ ಅದಕ್ಕೆ ಹಣ ಇಡಿಸುತ್ತಾರೆ.

ವಿಜಯಪುರದ ಹುಡುಗಿಗೆ ನಾನು ಹೇಳಿದ್ದು ಇಷ್ಟು. ಇಕ್ರಿಸ್ಯಾಟ್ ಹಳ್ಳಿಗಳ ಅಂಕಿಅಂಶ ಜಾಲದಲ್ಲಿ ಸಂಶೋಧಕರಿಗೆ ಸಿಗುತ್ತದೆ. 2001ರ ನಂತರ ಅದೇ ಹಳ್ಳಿಗಳಲ್ಲಿ ಸಮೀಕ್ಷೆ ಮತ್ತೆ ನಡೆದಿದೆ. ಈಗ ಉಳುವುದು ಬಾಡಿಗೆ ಟ್ರ್ಯಾಕ್ಟರು. ಹಾಗಾದರೆ ಕೆಟ್ಟ ವರ್ಷದಲ್ಲಿ ಶಿರಾಪುರದ ಮನೆಗಳು ಎತ್ತಿನ ಬದಲು ಏನು ಮಾರುತ್ತಿವೆ? ಆಕಳೋ, ಬಂಗಾರವೋ, ಅಥವಾ ಪುಣೆಗೆ ದುಡಿಯಲು ಹೋದ ಮಗನ ಫೋನ್‌ಪೇಯೋ? ಅಂಕಿಅಂಶ ವಿಶ್ಲೇಷಿಸುವ ಸ್ಟಾಟಾ ತಂತ್ರಾಂಶ ಕಲಿತು, ಈ ಒಂದು ಪ್ರಶ್ನೆ ಹಿಡಿದು ಎಂಎಸ್ಸಿ ಪ್ರಬಂಧ ಬರೆ, ಸೊಲ್ಲಾಪುರಕ್ಕೆ ಇಲ್ಲಿಂದ ರೈಲಿನಲ್ಲಿ ನಾಲ್ಕು ತಾಸು ಅಂದೆ. ಕ್ಷೇತ್ರಕಾರ್ಯಕ್ಕೆ ಮರಾಠಿಯ ಜೊತೆ ಕನ್ನಡವೂ ಬರುತ್ತದೆ ಎಂಬುದನ್ನು ಅರ್ಜಿಯಲ್ಲಿ ಮೊದಲ ಸಾಲಿನಲ್ಲೇ ಬರೆಯಲು ಹೇಳಿದ್ದೇನೆ.